ಸವೆತ, ತೇಯುವುದು, ಕಚ್ಚಿಕೊಳ್ಳುವುದು: ಒಂದೇ ಪದ ಸಾಕಾ?

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಬರೆಯುತ್ತಿದ್ದೇನೆ. ಒಂದು ಪದಕ್ಕೆ ಸಿಕ್ಕಿಹಾಕಿಕೊಂಡಿದ್ದೇನೆ, ಬಿಡಿಸಿಕೊಡಿ.

ನನ್ನ ತಂಗಿಯ ಮಗ ಶಿವಮೊಗ್ಗದಲ್ಲಿ ಮೆಕ್ಯಾನಿಕಲ್ ಓದುತ್ತಿದ್ದಾನೆ. ಬೋರೈಡ್, ಅಂದರೆ ಲೋಹ ಬೋರಾನ್ ಜೊತೆ ಕೂಡಿ ಆಗುವ ಗಟ್ಟಿ ವಸ್ತು, ಸೇರಿಸಿದ ಟೈಟಾನಿಯಂ ಉಜ್ಜಾಟಕ್ಕೆ ಹೇಗೆ ತಡೆಯುತ್ತದೆ ಅನ್ನುವುದು ಅವನ ಪ್ರಾಜೆಕ್ಟ್. ಅದನ್ನು ಪಾಲಿಟೆಕ್ನಿಕ್ ಹುಡುಗರಿಗೆ ಕನ್ನಡದಲ್ಲಿ ಹೇಳಬೇಕಂತೆ. "ದೊಡ್ಡಮ್ಮ, ವೇರ್ ಅನ್ನೋದಕ್ಕೆ ಎಲ್ಲಾ ಕಡೆ ಸವೆತ ಅಂತ ಹಾಕಿದ್ದೀನಿ, ಸರಿ ಅಲ್ವಾ?" ಅಂದ. ಸರಿ ಅಂದುಬಿಟ್ಟೆ. ಬರೆದದ್ದನ್ನು ಓದಿದ ಮೇಲೆ ಅನುಮಾನ ಶುರುವಾಯಿತು.

ಟೈಟಾನಿಯಂ ಹಗುರ. ಉಕ್ಕು ಘನ ಸೆಂಟಿಮೀಟರಿಗೆ 7.8 ಗ್ರಾಂ ತೂಗಿದರೆ ಇದು 4.5. ತುಕ್ಕಿನ ಕಾಟವೂ ಇಲ್ಲ. ಆದರೆ ಉಕ್ಕಿನ ಮೇಲೆ ಜಾರಿಸಿದರೆ ಸುಮ್ನೆ ಪುಡಿಯಾಗಿ ಉದುರುವುದಿಲ್ಲ. ಎದುರಿನ ಮೈಗೆ ಮೆತ್ತಿಕೊಂಡು ಕಿತ್ತುಬರುತ್ತದೆ. ಟೈಟಾನಿಯಂ ಬೋಲ್ಟಿಗೆ ಟೈಟಾನಿಯಂ ನಟ್ಟು ಹಾಕಿ ಬಿಗಿದರೆ ಎಷ್ಟೋ ಸಲ ಬಿಚ್ಚಲಿಕ್ಕೇ ಬರುವುದಿಲ್ಲ. ನಮ್ಮೂರ ಲೇತ್ ಅಂಗಡಿಯವರು ಇಂಥದ್ದಕ್ಕೆ "ಕಚ್ಕೊಂಡಿದೆ" ಅನ್ನುತ್ತಾರೆ. ಇದನ್ನು ಸವೆತ ಅಂದರೆ ಹುಡುಗರಿಗೆ ಕಣ್ಣಿಗೆ ಕಟ್ಟುತ್ತದಾ?

ನನ್ನ ಕಿವಿಗೆ ಸವೆ ಅನ್ನುವುದು ನಿಧಾನದ ಮಾತು. ಚಪ್ಪಲಿ ಸವೆಯುತ್ತದೆ, ಮೆಟ್ಟಿಲು ಸವೆಯುತ್ತದೆ, ನಾಣ್ಯ ಸವಕಲಾಗುತ್ತದೆ. ತೇಯುವುದು ಬೇರೆ. ಗಂಧ ತೇಯುವಾಗ ಕಲ್ಲಿನ ಮೇಲೆ ಉಳಿದದ್ದೇ ನಮಗೆ ಬೇಕಾದದ್ದು. ಮಸೆಯುವಾಗಲೂ ಲೋಹ ಹೋಗುತ್ತದೆ, ಆದರೆ ನಮ್ಮ ಗಮನವೆಲ್ಲ ಹರಿತದ ಮೇಲೆ. ಅಡಿಕೆ ಸುಲಿಯುವ ಕಾಲದಲ್ಲಿ ನಮ್ಮ ಮನೆಯಲ್ಲಿ "ಮಸೆದೂ ಮಸೆದೂ ಮೆಟ್ಟುಗತ್ತಿ ಸವೆದೇ ಹೋಯ್ತು" ಅನ್ನುವುದಿತ್ತು. ನೋಡಿ, ಒಂದು ಮಾಡಿದ ಕೆಲಸ, ಇನ್ನೊಂದು ಅದರಿಂದಾದ ನಷ್ಟ. ಹಾಗಾಗಿ ತೂಕ ಎಷ್ಟು ಕಡಿಮೆಯಾಯಿತು ಅನ್ನುವ ಲೆಕ್ಕಕ್ಕೆ ಮಾತ್ರ ಸವೆತ ಇಟ್ಟುಕೊಂಡು, ಅದು ಆಗುವ ಬಗೆಗಳಿಗೆ ಬೇರೆ ಬೇರೆ ಕ್ರಿಯಾಪದ ಬಳಸು ಅಂದೆ. ಮೆತ್ತಿ ಕಿತ್ತುಬರುವುದು ಒಂದು, ಗಟ್ಟಿ ಕಣ ಗೀರುವುದು ಇನ್ನೊಂದು.

ಕಷ್ಟ ಬಂದದ್ದು ಮೂರನೆಯದಕ್ಕೆ. ಟೈಟಾನಿಯಂ ಒಳಗೆ ಹರಡಿಕೊಂಡ ಬೋರೈಡಿನ ಗಟ್ಟಿ ಸೂಜಿಗಳು ಭಾರ ಹೊತ್ತು ಲೋಹವನ್ನು ಕಾಯುತ್ತವೆ. ಅವೇ ಮುರಿದು ಕಿತ್ತುಬಂದು ನಡುವೆ ಸಿಕ್ಕಿಕೊಂಡರೆ ಎರಡೂ ಮೈಯನ್ನು ಗೀರುತ್ತವೆ. ಚಪ್ಪಲಿಗೂ ಹಿಮ್ಮಡಿಗೂ ನಡುವೆ ಮರಳು ಸೇರಿದ ಹಾಗೆ. ಇದಕ್ಕೆ ಒಂದು ಚಿಕ್ಕ ಪದ ಬೇಕು. ಅವನು ಬರೆದ "ತ್ರಿಕಾಯ ಘರ್ಷಣ ಸವೆತ" ಓದಿ ನನಗಂತೂ ನಗು ಬಂತು.

ಹೀಗೆ ಒಂದರೊಳಗೆ ಇನ್ನೊಂದು ಸೇರಿದ ವಸ್ತುವಿಗೆ ಇಂಗ್ಲಿಷಿನಲ್ಲಿ ಕಾಂಪೋಸಿಟ್ ಅನ್ನುತ್ತಾರೆ. ಅದಕ್ಕೆ "ಸಂಯುಕ್ತ" ಹಾಕಿದ್ದ, ಅದನ್ನು ಹೊಡೆದುಹಾಕಿಸಿದೆ. ಶಾಲೆಯ ಪುಸ್ತಕದಲ್ಲಿ ನೀರು, ಉಪ್ಪು ಇವು ಸಂಯುಕ್ತ. ಹಾಗೆ ನೋಡಿದರೆ ಬೋರೈಡ್ ಒಂದೇ ಸಂಯುಕ್ತ, ಇಡೀ ವಸ್ತುವಲ್ಲ. ಮಣ್ಣಿನ ಗೋಡೆಗೆ ಹುಲ್ಲು ಕಲಸುವುದನ್ನು ನೆನಪಿಸಿ "ಕಲಸುವಸ್ತು" ಅಂದೆ. ಅವನು ಒಪ್ಪಲಿಲ್ಲ. ಹುಲ್ಲನ್ನು ಹೊರಗಿಂದ ತಂದು ಹಾಕುತ್ತೇವೆ, ಈ ಸೂಜಿಗಳು ಒಳಗೇ ಹುಟ್ಟುತ್ತವೆ ಅಂತ ಅವನ ವಾದ. ಟೈಟಾನಿಯಂ ಪುಡಿಗೆ ಟೈಟಾನಿಯಂ ಡೈಬೋರೈಡ್ ಪುಡಿ ಬೆರೆಸಿ ಒತ್ತಿ ಕಾಯಿಸಿದರೆ ಎರಡೂ ಕೂಡಿ, ಬೋರಾನ್ ಪಾಲು ಡೈಬೋರೈಡಿಗಿಂತ ಕಡಿಮೆ ಇರುವ ಮಾನೋಬೋರೈಡ್ ಸೂಜಿಗಳಾಗುತ್ತವಂತೆ. ಕಾದಾಗ ಹಿಗ್ಗುವುದರಲ್ಲೂ ಸೂಜಿ ಮತ್ತು ಲೋಹ ಹೆಚ್ಚುಕಮ್ಮಿ ಜೊತೆ. ಹಾಗಾಗಿ ಆರುವಾಗ ನಡುವೆ ಬಿರುಕು ಬಿಡುವ ಭಯ ಕಡಿಮೆ. "ಹಾಗಾದರೆ ಜೋನಿಬೆಲ್ಲ ಹರಳುಗಟ್ಟಿದ ಹಾಗೆ ಅನ್ನು" ಅಂದೆ. ಅದು ಇಷ್ಟವಾಯಿತು. ಆದರೆ ಹೆಸರು ಇನ್ನೂ ಸಿಕ್ಕಿಲ್ಲ.

ಇನ್ನು ಸಿಂಟರಿಂಗ್. ಕರಗಿಸದೆ, ಅಂದರೆ ಟೈಟಾನಿಯಂ ಕರಗುವ 1668 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೇ ಇಟ್ಟು, ಕಾಯಿಸಿ ಪುಡಿಯನ್ನು ಗಟ್ಟಿ ಮಾಡುವುದು. ಇಟ್ಟಿಗೆ ಸುಡುವ ಹಾಗೆ "ಸುಡು" ಅನ್ನೋಣ ಅಂದುಕೊಂಡೆ. ಆದರೆ ಟೈಟಾನಿಯಂ ಪುಡಿ ಗಾಳಿಯಲ್ಲಿ ನಿಜವಾಗಿಯೂ ಹೊತ್ತಿ ಉರಿಯುತ್ತದೆ! ಅದಕ್ಕೇ ನಿರ್ವಾತದಲ್ಲೋ ಆರ್ಗಾನ್‌ನಲ್ಲೋ ಕಾಯಿಸುತ್ತಾರೆ. ಆ ಪದ ಬೇಡವೇ ಬೇಡ. ಸಿಂಟರಿಂಗ್ ಅಂತಲೇ ಇರಲಿ.

ಭದ್ರಾವತಿಯ ಕಾರ್ಖಾನೆಯಲ್ಲಿ, ಶಿವಮೊಗ್ಗದ ಫೌಂಡ್ರಿಗಳಲ್ಲಿ ದುಡಿದವರು ಇಲ್ಲಿದ್ದರೆ ದಯವಿಟ್ಟು ಹೇಳಿ: ಬೇರಿಂಗ್ ನಡುವೆ ಮರಳು ಸೇರಿ ಎರಡೂ ಕಡೆ ಗೀರಿ ಹಾಳಾದರೆ ನೀವು ನೀವೇ ಏನಂತ ಮಾತಾಡಿಕೊಳ್ಳುತ್ತಿದ್ದಿರಿ? ನಿಘಂಟಿನ ಪದ ಬೇಡ, ಅದು ನನ್ನ ಹತ್ತಿರವೂ ಇದೆ.