ಓದುಗರ ಸ್ಪಂದನ: ಬೈದ ಮೇಲೆ ಅವಳು ತರಗತಿಗೆ ಬಂದಿಲ್ಲ

ಕಳೆದ ವಾರದ ಸಮಸ್ಯೆ: ಬಿ.ಕಾಂ. ಮೊದಲ ಸೆಮಿಸ್ಟರಿನ ಹುಡುಗಿಯೊಬ್ಬಳು ದಿನಾ ತೂಕಡಿಸುತ್ತಾಳೆ, ಇಂಟರ್ನಲ್ಸ್ ಪರೀಕ್ಷೆ ಬರೆದಿಲ್ಲ. ಎಲ್ಲರೆದುರು ಬೈದೆ. ನಾಲ್ಕು ದಿನದಿಂದ ಬಂದಿಲ್ಲ. ಏನು ಮಾಡಲಿ? (ಒಬ್ಬ ಉಪನ್ಯಾಸಕಿ)

ಮೇಡಂ, ಮೊದಲು ಅವಳಿಗೆ ಫೋನ್ ಮಾಡಿ. ಅಟೆಂಡೆನ್ಸ್ ಮಾತು ಎತ್ತಬೇಡಿ. ‘ನೀನು ಬಂದಿಲ್ಲವಲ್ಲ, ಹೇಗಿದ್ದೀಯಮ್ಮಾ?’ ಅಷ್ಟೇ ಕೇಳಿ. ನನ್ನ ತರಗತಿಯಲ್ಲೂ ಹೀಗೇ ತೂಕಡಿಸುವ ಹುಡುಗನೊಬ್ಬನಿದ್ದ. ಒಂದು ದಿನ ಎಬ್ಬಿಸಿ ನಿಲ್ಲಿಸಿ ಬೈದೆ, ಇಡೀ ತರಗತಿ ನಕ್ಕಿತು. ರಾತ್ರಿಯೆಲ್ಲ ಛತ್ರದಲ್ಲಿ ಬಡಿಸಿ, ಎಲೆ ಎತ್ತಿ, ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದಾನೆಂದು ಆಮೇಲೆ ತಿಳಿಯಿತು. ಸ್ಟಾಫ್ ರೂಮಿಗೆ ಕರೆದು ಕ್ಷಮೆ ಕೇಳಿದೆ. ಅಲ್ಲೇ ನಾನು ಮತ್ತೆ ತಪ್ಪಿದ್ದು. ಬೈದದ್ದು ನೂರು ಜನರೆದುರು, ಕ್ಷಮೆ ಕೇಳಿದ್ದು ಗುಟ್ಟಾಗಿ. ಅವನು ಕಡೆಯವರೆಗೂ ಹಿಂದಿನ ಬೆಂಚು ಬಿಡಲಿಲ್ಲ. ಅವಳು ಬಂದ ದಿನ ನೀವು ತರಗತಿಯಲ್ಲೇ ‘ಮೊನ್ನೆ ನಾನು ಹಾಗೆ ಮಾತಾಡಬಾರದಿತ್ತು’ ಅಂದು ಪಾಠ ಶುರುಮಾಡಿ. ಅವಳ ಕಷ್ಟ ಏನೇ ಇರಲಿ, ಅದನ್ನು ಅಲ್ಲಿ ಎತ್ತಬೇಡಿ.
ನಿವೃತ್ತ ಉಪನ್ಯಾಸಕ, ತುಮಕೂರು

ನಾನು ಪಿಯುಸಿವರೆಗೆ ಕನ್ನಡ ಮಾಧ್ಯಮ. ನಾನು ಓದಿದ್ದ ‘ಸವಕಳಿ’ಯೇ ‘ಡಿಪ್ರಿಸಿಯೇಷನ್’ ಅಂತ ತಿಳಿಯಲು ಒಂದು ತಿಂಗಳು ಬೇಕಾಯಿತು. ಇಂಟರ್ನಲ್ಸ್ ದಿನ ಹೊಟ್ಟೆನೋವು ಅಂತ ಹಾಸ್ಟೆಲಿನಲ್ಲೇ ಉಳಿದೆ. ನೆಪವಲ್ಲ, ನಿಜವಾಗಿಯೂ ನೋಯುತ್ತಿತ್ತು. ಆಮೇಲೆ ನಮ್ಮ ಮೇಡಂ ಒಬ್ಬರು ಬೋರ್ಡಿನ ಮೂಲೆಯಲ್ಲಿ ದಿನಾ ಐದು ಪದಗಳನ್ನು ಕನ್ನಡದಲ್ಲೂ ಬರೆಯತೊಡಗಿದರು. ಯಾರಿಗಾಗಿ ಅಂತ ಹೇಳಲಿಲ್ಲ. ಅನುಮಾನವಿದ್ದರೆ ಹೆಸರಿಲ್ಲದ ಚೀಟಿ ಬರೆದು ಮೇಜಿನ ಮೇಲಿಡಿ ಅಂದರು. ಕಾಲೇಜಿನಲ್ಲಿ ನಾನು ಮೊದಲ ಪ್ರಶ್ನೆ ಕೇಳಿದ್ದು ಆ ಚೀಟಿಯಲ್ಲಿ.
ಬಿ.ಕಾಂ. ಕೊನೆಯ ವರ್ಷದ ವಿದ್ಯಾರ್ಥಿನಿ, ಕಲಬುರಗಿ

ಮೇಡಂ, ಅಕಿ ಅಪ್ಪಗ ಮೊದಲ ಫೋನ್ ಹಚ್ಚಬ್ಯಾಡ್ರಿ. ಕಾಲೇಜಿನಿಂದ ದೂರು ಬಂತು ಅಂತ ಓದು ಬಿಡಿಸಿ ಮದುವಿ ಮಾಡೋ ಮಂದಿ ಅದಾರ. ನನಗ ಹಂಗ ಆಗೇತಿ. ಮೊದಲ ಅಕಿ ಕೂಡ ಮಾತಾಡ್ರಿ.
ಒಬ್ಬ ತಾಯಿ, ಹಾವೇರಿ

ಅವಳು ಊಟ ಬಿಟ್ಟಿದ್ದಾಳೆಯೇ, ಗೆಳತಿಯರಿಂದ ದೂರವಾಗಿದ್ದಾಳೆಯೇ ವಿಚಾರಿಸಿ. ‘ನಾನಿದ್ದು ಏನಾಗಬೇಕಿದೆ’ ಎಂಬಂಥ ಮಾತು ಬಂದರೆ ಬುದ್ಧಿ ಹೇಳಲು ಹೋಗಬೇಡಿ. ಸಾಯಬೇಕು ಅನ್ನಿಸುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಂಟಿಯಾಗಿ ಬಿಡಬೇಡಿ, ಅವಳು ನಂಬುವ ಮನೆಯವರೊಬ್ಬರಿಗೆ ತಿಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಫೋನಿನಿಂದಲೇ ಕರೆ ಮಾಡಿಕೊಟ್ಟು ಪಕ್ಕದಲ್ಲಿ ಕೂತಿರಿ. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹ ಆಪ್ತಸಮಾಲೋಚಕರು ಇರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ನಿಮ್ಮ ಕಾಲೇಜಿನಲ್ಲಿ ಇಲ್ಲದಿದ್ದರೆ ಪ್ರಾಂಶುಪಾಲರಿಗೆ ಬರೆದುಕೊಡಿ. ಅವಳಿಗೆ ಫೋನ್ ಮಾತ್ರ ಇವತ್ತೇ ಮಾಡಿ.
ಆಪ್ತಸಮಾಲೋಚಕಿ, ಮೈಸೂರು