ಸಂತೆ ಊರಿನಲ್ಲಿ ಗುಂಪು ನಡಿಗೆ: ಹಿಂದೆ ಬೀಳುವವರನ್ನು ಉಳಿಸಿಕೊಳ್ಳುವುದು ಹೇಗೆ?

ಮೂರು_ದಾರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮದು ವಾರಕ್ಕೊಮ್ಮೆ ಸಂತೆ ಸೇರುವ ಸಣ್ಣ ಊರು. ಎರಡು ತಿಂಗಳ ಹಿಂದೆ ನಾವು ನಾಲ್ಕೈದು ಜನ ಸೇರಿ ಭಾನುವಾರ ಬೆಳಿಗ್ಗೆ ಗುಂಪಾಗಿ ನಡೆಯೋಣ ಅಂತ ಶುರು ಮಾಡಿದೆವು. ಮೊದಲ ವಾರ ಇಪ್ಪತ್ತೆರಡು ಜನ ಬಂದರು, ನನಗಂತೂ ಖುಷಿಯೋ ಖುಷಿ. ಈಗ ಒಂಬತ್ತು ಜನ ಉಳಿದಿದ್ದೇವೆ. ಎಲ್ಲರೂ ಚುರುಕಾಗಿ ನಡೆಯುವವರೇ. ಬಿಟ್ಟುಹೋದವರು ಯಾರು ಅಂತ ನೋಡಿದರೆ ವಯಸ್ಸಾದವರು, ಮಂಡಿನೋವಿನವರು, ಊರಿಗೆ ಹೊಸದಾಗಿ ಬಂದು ಯಾರ ಪರಿಚಯವೂ ಇಲ್ಲದವರು. ಅಂದರೆ ಯಾರಿಗೋಸ್ಕರ ಶುರು ಮಾಡಿದೆವೋ ಅವರೇ.

ಒಬ್ಬ ಹಿರಿಯರನ್ನು ದಾರಿಯಲ್ಲಿ ಕಂಡು ಯಾಕೆ ಬರುತ್ತಿಲ್ಲ ಅಂತ ಕೇಳಿದೆ. "ಬೇಡ ಬಿಡಿ, ನನ್ನಿಂದ ನಿಮಗೆಲ್ಲ ತಡ ಆಗುತ್ತೆ" ಅಂದರು. ಆ ಮಾತು ಇನ್ನೂ ಮನಸ್ಸಿನಲ್ಲಿ ಕೊರೆಯುತ್ತಿದೆ.

ಸಂತೆ ಮೈದಾನದಿಂದ ಹೊರಟು, ಅಂಗಡಿ ಬೀದಿ ದಾಟಿ, ಕಾಲುವೆ ದಂಡೆ ಹಿಡಿದು, ಹೊಲಗಳ ಪಕ್ಕದಲ್ಲಿ ಸುತ್ತಿ ವಾಪಸ್ ಬರುತ್ತೇವೆ. ಒಟ್ಟು 6 ಕಿ.ಮೀ., ಸುಮಾರು 70 ನಿಮಿಷ ಹಿಡಿಯುತ್ತದೆ. ಪ್ರತಿ ತಿರುವಿನಲ್ಲೂ ನಿಂತು ಹಿಂದಿನವರಿಗೆ ಕಾಯುತ್ತೇವೆ, ಯಾರನ್ನೂ ಬಿಟ್ಟು ಹೋಗಿಲ್ಲ. ಹಾಗಿದ್ದರೂ ಜನ ಯಾಕೆ ಉಳಿಯುತ್ತಿಲ್ಲ?

ಕೊನೇ_ಸಾಲು

ತಿರುವಿನಲ್ಲಿ ಕಾಯುತ್ತೇವೆ ಅಂದಿರಲ್ಲ, ನನಗೆ ತೊಂದರೆ ಅಲ್ಲೇ ಕಾಣುತ್ತಿದೆ. ನಾನು ಕಾಲು ಮುರಿದು ವಾಸಿಯಾದ ಮೇಲೆ ಒಂದು ವರ್ಷ ಇಂಥದ್ದೇ ಒಂದು ಗುಂಪಿನ ಕೊನೆಯಲ್ಲಿ ನಡೆದವಳು. ಅಲ್ಲಿ ಆಗುತ್ತಿದ್ದದ್ದು ಇಷ್ಟು: ಮುಂದಿನವರು ತಿರುವಿಗೆ ಬಂದು ನಿಲ್ಲುತ್ತಾರೆ, ನೀರು ಕುಡಿಯುತ್ತಾರೆ, ಶೂ ಲೇಸ್ ಬಿಗಿ ಮಾಡಿಕೊಳ್ಳುತ್ತಾರೆ, ನಾಲ್ಕು ಮಾತಾಡುತ್ತಾರೆ, ಅಷ್ಟರಲ್ಲಿ ನಾನು ಏದುಸಿರು ಬಿಡುತ್ತಾ ಬಂದು ಸೇರುತ್ತೇನೆ, ಸೇರಿದ ತಕ್ಷಣ "ಸರಿ, ಎಲ್ಲರೂ ಬಂದರು, ಹೊರಡೋಣ" ಅನ್ನುತ್ತಾರೆ. ದಣಿವೇ ಆಗದವರಿಗೆ ಐದು ನಿಮಿಷ ವಿಶ್ರಾಂತಿ. ದಣಿದವರಿಗೆ ಒಂದು ನಿಮಿಷವೂ ಇಲ್ಲ. ಯಾರೂ ಕೆಟ್ಟವರಲ್ಲ, ಎಲ್ಲರೂ ನನಗೋಸ್ಕರವೇ ನಿಂತಿದ್ದರು. ಆದರೆ ಇಪ್ಪತ್ತು ಜನ ಸಾಲಾಗಿ ನಿಂತು ನಾನು ಬರುವುದನ್ನೇ ನೋಡುತ್ತಿದ್ದಾರಲ್ಲ, ಆಗ ಕೊನೆಯ ನೂರು ಹೆಜ್ಜೆ ಇಡುವುದು ಎಷ್ಟು ಕಷ್ಟ ಅಂತ ನಡೆದವರಿಗೇ ಗೊತ್ತು.

ಎರಡು ಕೆಲಸ ಮಾಡಿ. ಕೊನೆಯವರು ಬಂದು ಸೇರಿದ ಮೇಲೆ ಗಡಿಯಾರ ನೋಡಿ ಮೂರು ನಿಮಿಷ ಯಾರೂ ಕದಲಬೇಡಿ. ಆಮೇಲೆ, ಎಲ್ಲರಿಗಿಂತ ಹಿಂದೆ ನಡೆಯುವ ಜವಾಬ್ದಾರಿಯನ್ನು ಪ್ರತಿ ವಾರ ಒಬ್ಬರಿಗೆ ಕೊಡಿ, ಅದೂ ಗಟ್ಟಿಮುಟ್ಟಾದ ಒಬ್ಬರಿಗೆ. 2004ರಲ್ಲಿ ಲಂಡನ್‌ನ ಒಂದು ಉದ್ಯಾನದಲ್ಲಿ ಶುರುವಾಗಿ ಈಗ ಹಲವು ದೇಶಗಳಲ್ಲಿ ವಾರವಾರ ನಡೆಯುವ ಪಾರ್ಕ್‌ರನ್‌ನಲ್ಲಿ ಈ ಪದ್ಧತಿ ಇದೆ. ಅದು 5 ಕಿ.ಮೀ. ಓಟ, ನಡೆದುಕೊಂಡೂ ಹೋಗಬಹುದು. ಸ್ವಯಂಸೇವಕರೊಬ್ಬರು ಬೇಕೆಂತಲೇ ಎಲ್ಲರ ಹಿಂದೆ ನಡೆಯುತ್ತಾರೆ. ಕೊನೆಗೆ ಬಂದವರು ಯಾವಾಗಲೂ ಆ ಸ್ವಯಂಸೇವಕರೇ, ಬೇರೆ ಯಾರೂ ಅಲ್ಲ. ನನ್ನ ಜೊತೆ ಹಾಗೆ ಒಬ್ಬರು ನಡೆದಿದ್ದರೆ ನಾನು ಆ ಗುಂಪು ಬಿಡುತ್ತಿರಲಿಲ್ಲ.

ಹೆಜ್ಜೆ_ಲೆಕ್ಕ

ನಿಮ್ಮ ವೇಗದ ಲೆಕ್ಕ ಹಾಕಿದೆ. 70 ನಿಮಿಷಕ್ಕೆ 6 ಕಿ.ಮೀ. ಅಂದರೆ ಗಂಟೆಗೆ 5 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ, ಅದೂ ನಿಂತ ಸಮಯವನ್ನು ಸೇರಿಸಿ! ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ನಡಿಗೆಯ ಸಮಯ ಲೆಕ್ಕ ಹಾಕಲು ಒಂದು ಸೂತ್ರ ಕೊಟ್ಟರು. ಸಮತಟ್ಟಾದ ದಾರಿಯಲ್ಲಿ ಗಂಟೆಗೆ 3 ಮೈಲಿ, ಅಂದರೆ ಹೆಚ್ಚುಕಡಿಮೆ 4.8 ಕಿ.ಮೀ. ಅದು ಬೆಟ್ಟ ಹತ್ತಿ ರೂಢಿಯಿದ್ದ ಗಟ್ಟಿ ಆಳುಗಳ ಲೆಕ್ಕ. ನೀವು ಮಂಡಿನೋವಿನವರನ್ನು ಅದಕ್ಕಿಂತ ಬೇಗ ನಡೆಸಲು ಹೊರಟಿದ್ದೀರಿ.

ಗಡಿಯಾರ ಬಿಟ್ಟು ಮಾತನ್ನು ಅಳತೆ ಮಾಡಿಕೊಳ್ಳಿ. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಮಧ್ಯಮ ಶ್ರಮ ಅಂದರೆ ಅಷ್ಟೇ. ಒಂದು ಮಾತು ಮುಗಿಸಲು ಎರಡು ಸಲ ಉಸಿರು ಎಳೆದುಕೊಳ್ಳುತ್ತಿದ್ದರೆ ಅವರಿಗೆ ಆ ವೇಗ ಜಾಸ್ತಿ ಆಯಿತು ಅಂತ ಅರ್ಥ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಇಂಥ ಶ್ರಮ. ಮೊದಲು ಒಂದೇ ಸಲಕ್ಕೆ ಕನಿಷ್ಠ 10 ನಿಮಿಷ ಮಾಡಬೇಕು ಅನ್ನುತ್ತಿದ್ದರು. 2020ರ ಸಲಹೆಯಲ್ಲಿ ಆ ಮಾತು ಇಲ್ಲ. ಹಾಗಾಗಿ ಐದು ನಿಮಿಷ ನಡೆದು ಕಟ್ಟೆ ಮೇಲೆ ಕೂತು ಮತ್ತೆ ಎದ್ದು ನಡೆದರೂ ಲೆಕ್ಕಕ್ಕೆ ಬರುತ್ತದೆ. ಆ ಹಿರಿಯರಿಗೆ ಇದನ್ನು ದಯವಿಟ್ಟು ಹೇಳಿ.

ಗುಂಪು ನಡಿಗೆಯ ಬಗ್ಗೆ 2015ರಲ್ಲಿ ಬ್ರಿಟನ್ನಿನ ಸಂಶೋಧಕರು 42 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು, 1,843 ಜನರ ವಿವರ ಅದರಲ್ಲಿತ್ತು. ರಕ್ತದೊತ್ತಡ ಇಳಿದಿತ್ತು, ಖಿನ್ನತೆಯೂ ಕಡಿಮೆಯಾಗಿತ್ತು. ನಿಮ್ಮ ಗುಂಪಿಗೆ ವೇಗ ಬೇಕಾಗಿಲ್ಲ, ಜನ ವಾರವಾರ ಬರುವುದು ಬೇಕು.

ಹಳೇ_ಕಾಲುದಾರಿ

ದಾರಿ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಸಂತೆ ಊರು ಅನ್ನುವುದೇ ನಡೆಯುವವರಿಗಾಗಿ ಬೆಳೆದ ಊರು ಅಲ್ವಾ? ಸುತ್ತಲ ಹಳ್ಳಿಯವರು ಬೆಳಿಗ್ಗೆ ಹೊರಟು, ವ್ಯಾಪಾರ ಮುಗಿಸಿ, ಕತ್ತಲಾಗುವ ಮುಂಚೆ ಮನೆ ಸೇರುವಷ್ಟು ದೂರದಲ್ಲಿ ಸಂತೆ ಇರಬೇಕಿತ್ತು. 13ನೇ ಶತಮಾನದ ಇಂಗ್ಲೆಂಡಿನಲ್ಲಿ ಬ್ರ್ಯಾಕ್ಟನ್ ಹೆಸರಿನ ಕಾನೂನು ಗ್ರಂಥದಲ್ಲಿ ಇದಕ್ಕೆ ಲೆಕ್ಕವೇ ಇದೆ. ದಿನಕ್ಕೆ 20 ಮೈಲಿ ನಡಿಗೆ ಅಂತ ಇಟ್ಟುಕೊಂಡು ದಿನವನ್ನು ಮೂರು ಪಾಲು ಮಾಡಿದರು: ಹೋಗಲು ಒಂದು, ವ್ಯಾಪಾರಕ್ಕೆ ಒಂದು, ವಾಪಸ್ ಬರಲು ಒಂದು. ಹಾಗಾಗಿ ಒಂದು ಸಂತೆಯಿಂದ 6 ಮುಕ್ಕಾಲು ಮೈಲಿಗೆ ಸ್ವಲ್ಪ ಕಡಿಮೆ, ಸುಮಾರು 10.7 ಕಿ.ಮೀ. ಒಳಗೆ ಇನ್ನೊಂದು ಹೊಸ ಸಂತೆ ಕಟ್ಟಿದರೆ ಹಳೆಯ ಸಂತೆಗೆ ತೊಂದರೆ ಅಂತ ತೀರ್ಮಾನ.

ಇಂಥ ಊರಿನಲ್ಲಿ ಹಳೆಯ ದಾರಿಗಳು ಚಕ್ರದ ಅರಗಳ ಹಾಗೆ ಸಂತೆ ಮೈದಾನಕ್ಕೆ ಬಂದು ಸೇರುತ್ತವೆ. ನೀವು ಅದನ್ನು ಬಳಸಿಕೊಳ್ಳುತ್ತಿಲ್ಲ. ಒಂದೇ ಉದ್ದನೆಯ ಸುತ್ತು ಹಾಕಿದರೆ ಮಧ್ಯದಲ್ಲಿ ಸುಸ್ತಾದವರು ಎಲ್ಲಿಗೆ ಹೋಗಬೇಕು? ಅರ್ಧ ದಾರಿ ಕಳೆದ ಮೇಲೆ ಮುಂದೆ ಹೋದರೂ ಅಷ್ಟೇ, ಹಿಂದೆ ಬಂದರೂ ಅಷ್ಟೇ. ಅದರ ಬದಲು ಇಂಗ್ಲಿಷ್ ಎಂಟರ ಆಕಾರದಲ್ಲಿ ಎರಡು ಸುತ್ತು ಮಾಡಿ, ಮೈದಾನ ನಡುವಿನ ಗಂಟು. ಮೊದಲ ಸುತ್ತು ಊರೊಳಗೆ, 2 ಕಿ.ಮೀ. ಸಾಕು, ಕೂರಲು ಕಟ್ಟೆ ಇರುವ, ಶೌಚಾಲಯ ಹತ್ತಿರವಿರುವ ಬೀದಿಗಳಲ್ಲಿ. ಅಲ್ಲಿಗೆ ಬೇಕಾದವರು ನಿಲ್ಲಲಿ, ಬೇಕಾದವರು ಎರಡನೆಯ ಸುತ್ತಿಗೆ ಕಾಲುವೆ ಕಡೆ ಹೋಗಲಿ. "ಅರ್ಧಕ್ಕೆ ಬಿಟ್ಟೆ" ಅನ್ನುವ ಮಾತೇ ಬರುವುದಿಲ್ಲ, ಅವರ ನಡಿಗೆ ಅಲ್ಲಿಗೆ ಪೂರ್ತಿಯಾಯಿತು.

ಹಿಂದಿನ ದಿನ ಒಬ್ಬರಾದರೂ ದಾರಿ ನಡೆದು ನೋಡಿ ಬನ್ನಿ. ಮಳೆ ಬಂದ ಮೇಲಂತೂ ಕಾಲುವೆ ದಂಡೆ ಸಿಕ್ಕಾಪಟ್ಟೆ ಜಾರುತ್ತದೆ. ಫುಟ್‌ಪಾತ್ ಇಲ್ಲದ ಕಡೆ ಎದುರಿನಿಂದ ಬರುವ ವಾಹನ ಕಣ್ಣಿಗೆ ಬೀಳುವ ಬದಿಯಲ್ಲೇ, ಒಬ್ಬರ ಹಿಂದೆ ಒಬ್ಬರು.

ಬಿರುಸು_ಕಾಲು

ಮೇಲಿನದೆಲ್ಲ ಒಪ್ಪುತ್ತೇನೆ. ಆದರೆ ಬೇಗ ನಡೆಯುವವರನ್ನೂ ಮರೆಯಬೇಡಿ, ನಾನೂ ಅವರಲ್ಲೊಬ್ಬ. ನಮ್ಮನ್ನು ಸುಮ್ನೆ ತಡೆದು ಹಿಡಿದರೆ ನಾವೂ ಬರುವುದು ಬಿಡುತ್ತೇವೆ. ಎರಡನೆಯ ಸುತ್ತನ್ನು ನಮ್ಮ ವೇಗಕ್ಕೆ ಬಿಡಿ. ಮೊದಲ ಸುತ್ತಿನಲ್ಲಿ ನಮ್ಮಿಂದ ಕೆಲಸ ಮಾಡಿಸಿಕೊಳ್ಳಿ, ತಲೆ ಎಣಿಸುವುದು, ಹೊಸಬರ ಹೆಸರು ಕೇಳಿ ಪರಿಚಯ ಮಾಡಿಸುವುದು, ಹಿಂದೆ ನಡೆಯುವುದು. ಕೆಲಸ ಇದ್ದರೆ ನಿಧಾನ ನಡೆಯುವುದು ಬೇಸರ ಅನಿಸುವುದಿಲ್ಲ.

ಮೂರು_ದಾರಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೊನೇ_ಸಾಲು ಅವರು ಬರೆದದ್ದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ. ನಾನೇ ಪ್ರತಿ ತಿರುವಿನಲ್ಲೂ "ಹೊರಡೋಣ" ಅಂದವನು.

ಈ ಭಾನುವಾರ ಎರಡು ಸುತ್ತು ಮಾಡಿದೆವು. ಆ ಹಿರಿಯರ ಮನೆಗೆ ಹಿಂದಿನ ದಿನ ಸಂಜೆಯೇ ಹೋಗಿ, ನಾಳೆ ನಾನು ಎಲ್ಲರಿಗಿಂತ ಹಿಂದೆ ನಡೆಯಬೇಕು, ಜೊತೆಗೆ ಬನ್ನಿ ಅಂತ ಕರೆದೆ. ಬಂದರು. ಊರೊಳಗಿನ 2 ಕಿ.ಮೀ.ಗೆ ನಮಗೆ 45 ನಿಮಿಷ ಹಿಡಿಯಿತು, ಎರಡು ಕಡೆ ಕೂತೆವು. ಮುಚ್ಚಿದ ಅಂಗಡಿಗಳ ಸಾಲಿನಲ್ಲಿ ಒಂದು ಬಾಗಿಲ ಮುಂದೆ ನಿಂತು, ಅದರ ಮರದ ಚೌಕಟ್ಟಿನಲ್ಲಿ ತೂಕದ ತಕ್ಕಡಿ ನೇತುಹಾಕುತ್ತಿದ್ದ ಕಬ್ಬಿಣದ ಕೊಕ್ಕೆ ತೋರಿಸಿದರು. ಆ ಬೀದಿಯಲ್ಲಿ ಎಷ್ಟೋ ಸಲ ಓಡಾಡಿದ್ದೇನೆ, ಒಮ್ಮೆಯೂ ನೋಡಿರಲಿಲ್ಲ. ಅಷ್ಟರಲ್ಲಿ ಮುಂದೆ ಹೋಗಿದ್ದ ಮೂವರು ವಾಪಸ್ ಬಂದು ಕೊಕ್ಕೆ ನೋಡಲು ನಿಂತರು.

ಮುಂದಿನ ವಾರ ಮೊದಲ ಸುತ್ತಿನ ದಾರಿಯನ್ನು ಅವರೇ ಹೇಳುತ್ತಾರಂತೆ.