ಗಾಜಾ ದಿಗ್ಬಂಧನ: ನಮ್ಮ ಸರ್ಕಾರವನ್ನು ಕೇಳುವುದು ಹೇಗೆ? ವಕೀಲರ ಜೊತೆ ಪ್ರಶ್ನೋತ್ತರ

ಅಡ್ಮಿನ್: ಗಾಜಾ ನಗರದ ಭಾಗದಲ್ಲಿ ಕ್ಷಾಮ ಬಂದಿದೆ ಅಂತ 2025ರ ಆಗಸ್ಟ್ 22ಕ್ಕೆ ಐಪಿಸಿ ಘೋಷಿಸಿದ ಮೇಲೆ ತುಂಬಾ ಜನ ಕೇಳ್ತಿದ್ದೀರಿ, ನಾವೇನು ಮಾಡಬಹುದು ಅಂತ. ವಕೀಲೆ ಮೇಡಂ ಇವತ್ತು ಸಂಜೆ ಉತ್ತರಿಸುತ್ತಾರೆ. ಜಗಳ ಬೇಡ.

ವಕೀಲೆ: ನಮಸ್ಕಾರ. ಈ ಐಪಿಸಿ ನಮ್ಮ ಹಳೇ ದಂಡಸಂಹಿತೆ ಅಲ್ಲ, ಹಸಿವಿನ ಮಟ್ಟ ಅಳೆಯುವ ಅಂತರರಾಷ್ಟ್ರೀಯ ವ್ಯವಸ್ಥೆ. ಕೇಳಿ.

ಮಂಡ್ಯದ ಹೈದ: ಸುಪ್ರೀಂ ಕೋರ್ಟಿಗೆ ಪಿಐಎಲ್ ಹಾಕಬಹುದಾ ಮೇಡಂ?

ವಕೀಲೆ: ಹಾಕಬಹುದು, ನಿಲ್ಲುವುದು ಕಷ್ಟ. ಇಸ್ರೇಲಿಗೆ ಆಯುಧ ರಫ್ತು ನಿಲ್ಲಿಸಿ ಅಂತ ಹಾಕಿದ್ದ ಅರ್ಜಿಯನ್ನು 2024ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿದರು. ವಿದೇಶಾಂಗ ನೀತಿಯಲ್ಲಿ ಕೋರ್ಟ್ ಕೈ ಹಾಕಲ್ಲ ಅಂದರು.

ಫಿಲ್ಟರ್ ಕಾಫಿ: ಕೇಂದ್ರದ ಕುಂದುಕೊರತೆ ಪೋರ್ಟಲ್‌ನಲ್ಲಿ ಹಾಕಿದೆ. ಎರಡೇ ದಿನಕ್ಕೆ ಕ್ಲೋಸ್ ಮಾಡಿದರು.

ವಕೀಲೆ: ಮಾಡ್ತಾರೆ. ಬೇರೆ ದೇಶದ ಜೊತೆಗಿನ ಸ್ನೇಹಕ್ಕೆ ಸಂಬಂಧಪಟ್ಟ ದೂರು ತಗೊಳ್ಳಲ್ಲ ಅಂತ ಅಲ್ಲೇ ಬರೆದಿದೆ. ಯಾರೂ ಓದಲ್ಲ.

ಸುಮ್ನೆ ಸುಬ್ಬಿ: *ಫಾರ್ವರ್ಡ್: ಈ ನಂಬರಿಗೆ ಮಿಸ್ಡ್ ಕಾಲ್ ಕೊಟ್ಟರೆ ನಿಮ್ಮ ಸಹಿ ನೇರವಾಗಿ ವಿಶ್ವಸಂಸ್ಥೆಗೆ ಹೋಗುತ್ತದೆ. 20 ಗುಂಪಿಗೆ ಕಳಿಸಿ.*

ವಕೀಲೆ: ಎಲ್ಲಿಗೂ ಹೋಗಲ್ಲ. ನಿಮ್ಮ ನಂಬರ್ ಮಾತ್ರ ಯಾರದೋ ಪಟ್ಟಿಗೆ ಹೋಗುತ್ತೆ. ಡಿಲೀಟ್ ಮಾಡಿ.

ಕಾಲೇಜು ಮಿಸ್, ತುಮಕೂರು: ಮೇಡಂ, ನಮ್ಮ ಪಿಯು ಮಕ್ಕಳು ವಿದೇಶಾಂಗ ಸಚಿವರಿಗೆ 62 ಪೋಸ್ಟ್ ಕಾರ್ಡ್ ಬರೆದಿದ್ದಾರೆ. ಇನ್ನೂ ಹಾಕಿಲ್ಲ. ಜೊತೆಗೆ 18,400 ರೂಪಾಯಿ ಕೂಡಿಸಿದ್ದಾರೆ, ನನ್ನ ಖಾತೆಯಲ್ಲಿದೆ. ಇನ್‌ಸ್ಟಾಗ್ರಾಮ್‌ನಲ್ಲಿ ಗಾಜಾದ ಒಬ್ಬ ತಂದೆ ಪರಿಚಯವಾಗಿದ್ದಾರೆ. ಬ್ಯಾಂಕ್ ಇಲ್ಲ, ಕ್ರಿಪ್ಟೋದಲ್ಲಿ ಹಾಕಿ ಅಂತಾರೆ. ನಾಳೆ ಕಳಿಸೋಣ ಅಂತಿದ್ದೇವೆ.

ವಕೀಲೆ: ನಾಳೆ ಕಳಿಸಬೇಡಿ. ನಾಡಿದ್ದೂ ಬೇಡ. ಆ ಮನುಷ್ಯ ನಿಜವಾಗಿ ಹಸಿದ ತಂದೆಯೇ ಇರಬಹುದು, ಇಲ್ಲದೆಯೂ ಇರಬಹುದು, ನಿಮಗೆ ತಿಳಿಯುವ ದಾರಿ ಇಲ್ಲ. ಆಚೆ ಕಡೆ ಯಾರ ಕೈಗೆ ಹೋಯಿತು ಅಂತ ನಾಳೆ ತನಿಖೆ ಬಂದರೆ ಮೊದಲು ಬರುವುದು ನಿಮ್ಮ ಹೆಸರು, ಆಮೇಲೆ ಹದಿನೇಳು ವರ್ಷದ ಮಕ್ಕಳದ್ದು. ಯಾರು ಎಷ್ಟು ಕೊಟ್ಟರೋ ಅವರಿಗೆ ವಾಪಸ್ ಕೊಟ್ಟು ಸಹಿ ಹಾಕಿಸಿಕೊಳ್ಳಿ. ಇನ್ನೊಂದು ಮಾತು. 2025ರ ಮಾರ್ಚ್ 2ರಿಂದ ಮೇ 19ರವರೆಗೆ ಇಸ್ರೇಲ್ ಒಂದು ಚೀಲ ಹಿಟ್ಟನ್ನೂ ಗಾಜಾ ಒಳಗೆ ಬಿಡಲಿಲ್ಲ. ಆಗ ಲಾರಿಗಳು ಹೊರಗೆ ನಿಂತೇ ಇದ್ದವು. ಕೊರತೆ ದುಡ್ಡಿನದಾಗಿರಲಿಲ್ಲ, ಗೇಟು ಮುಚ್ಚಿತ್ತು. ಗೇಟಿನ ಬಗ್ಗೆ ಮಾತಾಡಬಲ್ಲದ್ದು ಸರ್ಕಾರ, ಅದಕ್ಕೇ ನಿಮ್ಮ ಕಾರ್ಡುಗಳು ಆ ದುಡ್ಡಿಗಿಂತ ಜಾಸ್ತಿ ಮುಖ್ಯ. ಒಂದು ಕಾರ್ಡಿನಲ್ಲಿ ಏನಿದೆ ಹೇಳಿ.

ಕಾಲೇಜು ಮಿಸ್: "ಮಾನ್ಯ ಸಚಿವರೇ, ಮಕ್ಕಳು ಸಾಯುತ್ತಿದ್ದಾರೆ, ದಯವಿಟ್ಟು ಏನಾದರೂ ಮಾಡಿ." ಎಲ್ಲದರಲ್ಲೂ ಹೆಚ್ಚುಕಡಿಮೆ ಇದೇ.

ವಕೀಲೆ: "ಏನಾದರೂ" ಅಂದರೆ ಅವರು "ಮಾಡಿದ್ದೇವೆ" ಅಂತಾರೆ, ಅದು ಸುಳ್ಳೂ ಅಲ್ಲ. 2023ರ ಅಕ್ಟೋಬರ್‌ನಲ್ಲಿ ಈಜಿಪ್ಟಿನ ಎಲ್ ಅರಿಶ್‌ಗೆ ವಿಮಾನದಲ್ಲಿ ಔಷಧ, ಟೆಂಟು ಕಳಿಸಿದ್ದಾರೆ. ಉತ್ತರ ಬರೆಯಲೇಬೇಕಾದ ಹಾಗೆ ಕೇಳಿ. 2024ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ಕದನ ವಿರಾಮದ ಪರ ಓಟು ಹಾಕಿದ ಭಾರತ, 2025ರ ಜೂನ್ 12ರಂದು ಅದೇ ಸಭೆಯಲ್ಲಿ ತಟಸ್ಥವಾಗಿ ಕೂತಿತು. ಆ ಜೂನ್ ನಿರ್ಣಯದಲ್ಲಿ ದಿಗ್ಬಂಧನ ತೆಗೆಯಿರಿ ಅಂತಲೂ ಇತ್ತು. 149 ದೇಶ ಪರ, 12 ವಿರುದ್ಧ, 19 ತಟಸ್ಥ. ಆರು ತಿಂಗಳಲ್ಲಿ ಏನು ಬದಲಾಯಿತು? ಇದು ಒಂದು ಪ್ರಶ್ನೆ. ಇನ್ನೊಂದು, ಯುದ್ಧದ ನಿಯಮ ಹೇಳುವ ಜಿನೀವಾ ಒಪ್ಪಂದಗಳಿಗೆ ನಾವು 1950ರಿಂದ ಬದ್ಧರು. ಮೊದಲ ಕಲಮಿನಲ್ಲೇ ಇದೆ, ತಾನು ಪಾಲಿಸುವುದಷ್ಟೇ ಅಲ್ಲ, ಬೇರೆಯವರೂ ಪಾಲಿಸುವಂತೆ ನೋಡಿಕೊಳ್ಳಬೇಕು ಅಂತ. ಅದಕ್ಕೆ ಏನು ಮಾಡಿದಿರಿ? ಎರಡೇ ಸಾಕು. ಒಂದು ಪ್ರತಿ ನಿಮ್ಮ ಸಂಸದರಿಗೆ ಕೊಡಿ. ಸಂಸತ್ತಿನ ಅಧಿವೇಶನ ಆಗಸ್ಟ್ 21ಕ್ಕೆ ಮುಗಿದುಹೋಯಿತು. ಚಳಿಗಾಲದ್ದು ಬಂದಾಗ ಪ್ರಶ್ನೆಗೆ 15 ದಿನ ಮೊದಲೇ ನೋಟಿಸ್ ಕೊಡಬೇಕು, ಆದ್ದರಿಂದ ಈಗಲೇ ಹೇಳಿಡಿ.

ಖಡಕ್ ರೊಟ್ಟಿ: ನಮ್ಮೂರಲ್ಲೇ ಹಸಿದವರಿದ್ದಾರೆ, ಅವರಿಗೆ ಒಂದು ಕಾರ್ಡ್ ಬರೆದ್ರಾ? ಹಮಾಸ್ ಹಿಡಿದಿಟ್ಟ ಒತ್ತೆಯಾಳುಗಳ ಬಗ್ಗೆ ಬರೆದ್ರಾ?

ಫಿಲ್ಟರ್ ಕಾಫಿ: ನೀವು ಬರೆದ್ರಾ?

ಯಲಹಂಕ ತಾತ: 1987ರಲ್ಲಿ ಶ್ರೀಲಂಕಾ ಸೇನೆ ಸುತ್ತುವರಿದಿದ್ದ ಜಾಫ್ನಾಗೆ ಅಕ್ಕಿ ಕಳಿಸಿದ್ದು ನಮ್ಮ ದೇಶವೇ ಅಲ್ವಾ? ಜೂನ್ 3ಕ್ಕೆ ರಾಮೇಶ್ವರದ ದೋಣಿಗಳನ್ನು ಲಂಕಾ ನೌಕಾಪಡೆ ತಿರುಗಿಸಿ ಕಳಿಸಿತು. ಮಾರನೇ ದಿನ ಬೆಂಗಳೂರಿನಿಂದ ಐದು ಎಎನ್-32 ಸರಕು ವಿಮಾನ ಹಾರಿದವು, ಜೊತೆಗೆ ಮಿರಾಜ್ ಯುದ್ಧವಿಮಾನಗಳ ಕಾವಲು. ಸುಮಾರು 25 ಟನ್ ಮೇಲಿಂದ ಉದುರಿಸಿ ಬಂದರು.

ಖಡಕ್ ರೊಟ್ಟಿ: ಅದು ಪಕ್ಕದ ಮನೆ, ತಾತ. ಮತ್ತೆ ಅದು ರಾಜಕೀಯ.

ಯಲಹಂಕ ತಾತ: ಹಸಿದವನಿಗೆ ಅಕ್ಕಿ ಅಕ್ಕಿಯೇ. ನಿನಗೆ ಆಗ ಎಷ್ಟು ವಯಸ್ಸಪ್ಪ?

ಖಡಕ್ ರೊಟ್ಟಿ: ವಯಸ್ಸಿನ ಮಾತು ಯಾಕೆ, ವಿಷಯ ಮಾತಾಡಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ದುಬೈ ಕನ್ನಡಿಗ: ನಾನು ಇಲ್ಲಿಂದ ಪೋಸ್ಟ್ ಹಾಕಿದರೆ ವೀಸಾಗೆ ತೊಂದರೆ ಆಗುತ್ತಾ?

ಅಕ್ಕಮ್ಮನ ಅಡುಗೆ: ಮೇಡಂ, ನಮ್ಮ ಸೈಟಿನ ಖಾತೆ ಎರಡು ವರ್ಷದಿಂದ ನಿಂತಿದೆ...

ಮಂಡ್ಯದ ಹೈದ: ಹಾಗಾದರೆ ಹೈಕೋರ್ಟಲ್ಲಿ ಪಿಐಎಲ್?

ವಕೀಲೆ: ಮೇಲೆ ಓದಿ.

ಫಿಲ್ಟರ್ ಕಾಫಿ: ನಮ್ಮ ಬೀದಿಯಲ್ಲಿ ಮೇಣದಬತ್ತಿ ಹಿಡಿದು ನಿಲ್ಲಬಹುದಾ?

ವಕೀಲೆ: ಬೆಂಗಳೂರಲ್ಲಿ ಪ್ರತಿಭಟನೆಗೆ ಜಾಗ ಫ್ರೀಡಂ ಪಾರ್ಕ್ ಒಂದೇ. ಬೀದಿಯಲ್ಲಿ ನಿಂತು ಕೇಸ್ ಹಾಕಿಸಿಕೊಂಡು ಆಮೇಲೆ ನನಗೆ ಫೋನ್ ಮಾಡಬೇಡಿ.

ಸುಮ್ನೆ ಸುಬ್ಬಿ: *ಫಾರ್ವರ್ಡ್: ಆರ್‌ಟಿಐ ಹಾಕಿದರೆ 30 ದಿನದಲ್ಲಿ ಸರ್ಕಾರ ನೆರವು ಕಳಿಸಲೇಬೇಕು.*

ವಕೀಲೆ: ಸುಬ್ಬಿಯವರೇ, ಸಾಕು. ಆರ್‌ಟಿಐನಲ್ಲಿ ಸಿಗುವುದು ಮಾಹಿತಿ. ಅಕ್ಕಿ ಅಲ್ಲ. ಅದನ್ನೂ ವಿದೇಶ ಸಂಬಂಧ ಅಂತ 8ನೇ ಕಲಮು ತೋರಿಸಿ ತಡೆಯಬಹುದು. ಇನ್ನೊಂದು ಫಾರ್ವರ್ಡ್ ಬಂದರೆ ನಾನು ಎದ್ದು ಹೋಗ್ತೀನಿ.

ಖಡಕ್ ರೊಟ್ಟಿ: ಹೋಗಿ. ಇದು ಯಾರ ಗುಂಪು ಅಂತ ಗೊತ್ತಾಗ್ತಿದೆ.

ಅಡ್ಮಿನ್: ಖಡಕ್ ರೊಟ್ಟಿ ಅವರನ್ನು 24 ಗಂಟೆ ಮ್ಯೂಟ್ ಮಾಡಲಾಗಿದೆ.

ಯಲಹಂಕ ತಾತ: 👍

ದುಬೈ ಕನ್ನಡಿಗ: ವೀಸಾ?

ಕಾಲೇಜು ಮಿಸ್: ಮೇಡಂ, ದುಡ್ಡು ವಾಪಸ್ ಕೊಡುತ್ತೇನೆ. ಮಕ್ಕಳಿಗೂ ಹೇಳಿದೆ, ಮತ್ತೆ ಬರೆಯುತ್ತಾರಂತೆ. ಒಬ್ಬಳು ಕೇಳಿದಳು, ಉತ್ತರ ಮನೆಗೆ ಬಂದರೆ ಅಪ್ಪ ಬೈತಾರೆ, ವಿಳಾಸ ಹಾಕಲೇಬೇಕಾ ಅಂತ.

ವಕೀಲೆ: ಕಾಲೇಜಿನ ವಿಳಾಸ ಹಾಕಿಸಿ. ಪ್ರಿನ್ಸಿಪಾಲರಿಗೆ ಮೊದಲೇ ಹೇಳಿಬಿಡಿ. ಪಿನ್ ಕೋಡ್ ಮರೀಬೇಡಿ.